ಅಪ್‌ಡೇಟ್: ಅಪ್ಪನ ಪ್ಯಾಂಕ್ರಿಯಾಸ್ ಆಪರೇಷನ್ ಆಯಿತು, ರಕ್ತನಾಳದ ಕಸಿಯೂ ಆಯಿತು

ಹಿಂದೆ ಕೇಳಿದ್ದೆ: ಹಾಸನದಲ್ಲಿರುವ ಅಪ್ಪನಿಗೆ ಪ್ಯಾಂಕ್ರಿಯಾಸ್ (ಮೇದೋಜೀರಕ ಗ್ರಂಥಿ) ತಲೆಭಾಗದಲ್ಲಿ ಕ್ಯಾನ್ಸರ್ ಗಡ್ಡೆ, ಅದು ಪೋರ್ಟಲ್ ವೇನ್ ಅನ್ನುವ ರಕ್ತನಾಳಕ್ಕೆ ಅಂಟಿದೆ, ನಾಳವನ್ನೂ ಕತ್ತರಿಸಿ ಕಸಿ ಮಾಡಬೇಕಂತೆ, ಧೈರ್ಯ ಮಾಡಬಹುದಾ ಅಂತ. ಉತ್ತರಿಸಿದ ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಮೊದಲು ಕೀಮೋ ಕೊಟ್ಟರು, ಆಮೇಲೆ ಬೆಂಗಳೂರಿನಲ್ಲಿ ವಿಪಲ್ ಆಪರೇಷನ್ (ಪ್ಯಾಂಕ್ರಿಯಾಸ್ ತಲೆಭಾಗವನ್ನೂ ಅದಕ್ಕೆ ಅಂಟಿದ ಸಣ್ಣ ಕರುಳಿನ ಮೊದಲ ಭಾಗವನ್ನೂ ತೆಗೆಯುವುದು) ಮಾಡಿದರು.

ನನಗೆ ಜಾಸ್ತಿ ಹೆದರಿಕೆ ಇದ್ದದ್ದು ಆ ನಾಳದ್ದೇ. ಕರುಳಿನ ರಕ್ತವೆಲ್ಲ ಲಿವರ್‌ಗೆ ಹೋಗುವುದು ಅದರಲ್ಲೇ ಅಲ್ವಾ? ಡಾಕ್ಟರ್ ಕೇಸ್ ಶೀಟಿನ ಹಿಂಬದಿಯಲ್ಲೇ ಚಿತ್ರ ಬರೆದು ತೋರಿಸಿದರು. ತೆಗೆಯುವ ತುಂಡು ಚಿಕ್ಕದಾದರೆ ಎರಡು ತುದಿಗಳನ್ನು ನೇರ ಸೇರಿಸಿ ಹೊಲಿಯುತ್ತಾರೆ. ಎಳೆತ ಬೀಳುವಂತಿದ್ದರೆ ನಡುವೆ ಬೇರೆ ನಾಳ ಬೇಕು. ಅಪ್ಪನಿಗೆ ಕುತ್ತಿಗೆಯ ಒಳಗಿನ ಜುಗುಲರ್ ವೇನ್ ತುಂಡು ಹಾಕಿದರು. ಆ ಬದಿಯ ಕೆಲಸವನ್ನು ಇನ್ನೊಂದು ಬದಿಯ ನಾಳ ನೋಡಿಕೊಳ್ಳುತ್ತದಂತೆ. ಕೆಲವರಿಗೆ ಕೃತಕ ನಾಳ, ದನದ ಹೃದಯದ ಹೊರಪೊರೆಯನ್ನೂ ಬಳಸುತ್ತಾರೆ. ಪ್ಯಾಂಕ್ರಿಯಾಸ್ ರಸ ಸೋರಬಹುದಾದ ಜಾಗವಾದ್ದರಿಂದ, ಸೋಂಕಿನ ಭಯಕ್ಕೆ ಸ್ವಂತ ನಾಳವೇ ವಾಸಿ ಎಂದರು.

ಕಸಿ ಮಾಡಿದಲ್ಲಿ ರಕ್ತ ಹೆಪ್ಪುಗಟ್ಟಿದರೆ ಕಷ್ಟ. ಅದಕ್ಕೇ ರಕ್ತದ ಹರಿವು ನೋಡುವ ಡಾಪ್ಲರ್ ಸ್ಕ್ಯಾನ್, ರಕ್ತ ತೆಳುವಾಗುವ ಇಂಜೆಕ್ಷನ್ ಎಲ್ಲಾ ಇತ್ತು. ರಕ್ತ ಚೆನ್ನಾಗಿ ಹರಿಯುತ್ತಿದೆ. ಬಯಾಪ್ಸಿ ರಿಪೋರ್ಟಿನಲ್ಲೂ ಅಂಚುಗಳು ಕ್ಲಿಯರ್, ಅಂದರೆ ಕತ್ತರಿಸಿದ ಅಂಚಿನಲ್ಲಿ ಕ್ಯಾನ್ಸರ್ ಕಂಡಿಲ್ಲ!

ಈಗ ಹಾಸನದ ಮನೆಯಲ್ಲೇ ಇದ್ದಾರೆ. ಒಂದೇ ಸಲ ಹೊಟ್ಟೆ ತುಂಬಾ ತಿನ್ನಲು ಆಗಲ್ಲ, ಅರ್ಧ ಇಡ್ಲಿ ಈಗ, ಅರ್ಧ ಆಮೇಲೆ. ಜೀರ್ಣಕ್ಕೆ ಕೊಟ್ಟ ಎನ್‌ಜೈಮ್ ಕ್ಯಾಪ್ಸೂಲನ್ನು ಊಟದ ಜೊತೆಯಲ್ಲೇ ನುಂಗಬೇಕು, ಊಟವಾದ ಮೇಲೆ ಅಲ್ಲ.

ಇದೇ ಆಪರೇಷನ್‌ಗೆ ಹೊರಟವರು, ಆ ತಂಡ ನಾಳದ ಕಸಿಯನ್ನು ಆಗಾಗ ಮಾಡುತ್ತದಾ ಅಂತ ದಯವಿಟ್ಟು ಕೇಳಿ. ಸಂಕೋಚ ಬೇಡ. ಅಪ್ಪನಿಗೆ ಉಳಿದ ಕೀಮೋ ಇನ್ನು ಶುರುವಾಗಬೇಕು.