6 ಇಂಚಿನ ರಿಫ್ರ್ಯಾಕ್ಟರ್: ಅಲುಗಾಟ ನಿಲ್ಲುತ್ತಿಲ್ಲ, ಯಾವ ಮೌಂಟ್ ತಡೆಯುತ್ತದೆ?

ಉದ್ದಕೊಳವೆ:
ಎಲ್ಲರಿಗೂ ನಮಸ್ಕಾರ. ನನ್ನ ದೂರದರ್ಶಕ ರಿಫ್ರ್ಯಾಕ್ಟರ್ (ಮುಂದೆ ಲೆನ್ಸ್ ಇರುವ ಬಗೆ): ಟ್ಯೂಬ್ 150 ಮಿ.ಮೀ. ಎಫ್/8 ಅಕ್ರೊಮ್ಯಾಟ್ (ಜೋಡಿ ಲೆನ್ಸಿನದು), ಫೋಕಲ್ ಲೆಂತ್ 1200 ಮಿ.ಮೀ., ಉದ್ದ ಸುಮಾರು 1.3 ಮೀಟರ್. ಟ್ಯೂಬ್ ಹಿಡಿಯುವ ರಿಂಗ್, ಅವುಗಳ ಕೆಳಗಿನ ಪ್ಲೇಟ್, 2 ಇಂಚಿನ ಡಯಾಗನಲ್ (ಬೆಳಕನ್ನು ಬದಿಗೆ ತಿರುಗಿಸುವ ಕನ್ನಡಿ), ಐಪೀಸ್ (ಕಣ್ಣಿಡುವ ಲೆನ್ಸ್), ಫೈಂಡರ್ (ಗುರಿ ಹಿಡಿಯುವ ಪುಟ್ಟ ದೂರದರ್ಶಕ) ಎಲ್ಲ ಸೇರಿ ತೂಕ 13 ಕೆ.ಜಿ. ಈಗ ಇರುವುದು ಇಕ್ಯೂ5 ದರ್ಜೆಯ ಮೌಂಟ್ (ಟ್ಯೂಬನ್ನು ಹೊತ್ತು ತಿರುಗಿಸುವ ಆಸರೆ), 1.75 ಇಂಚಿನ ಸ್ಟೀಲ್ ಕಾಲುಗಳು. 200 ಪಟ್ಟು ವರ್ಧನೆಯಲ್ಲಿ ಗುರುವನ್ನು ನೋಡುತ್ತಾ ಫೋಕಸ್ ಗುಂಡಿ ಮುಟ್ಟಿದರೆ ಬಿಂಬ ನಿಲ್ಲಲು 5ರಿಂದ 6 ಸೆಕೆಂಡ್ ಬೇಕು. ಸ್ಥಳ ಬೆಂಗಳೂರು, ಮನೆಯ ತಾರಸಿ. ಫೋಟೊ ಬೇಡ, ನೋಡುವುದಕ್ಕೆ ಮಾತ್ರ. ಇದಕ್ಕಿಂತ ಗಟ್ಟಿ ಮೌಂಟ್‌ಗಳಲ್ಲಿ ಎಚ್‌ಇಕ್ಯೂ5 ಸಾಕೇ, ಇಕ್ಯೂ6-ಆರ್‌ಗೇ ಹೋಗಬೇಕೇ? ಟ್ರೈಪಾಡ್ ಒಂದನ್ನೇ ಬದಲಿಸಿದರೆ ಆಗುತ್ತದೆಯೇ?

ತೇಗದಕಾಲು:
ಕ್ಯಾಟಲಾಗಿನ ಕೆ.ಜಿ. ಲೆಕ್ಕವನ್ನು ಸ್ವಲ್ಪ ಪಕ್ಕಕ್ಕಿಡಿ. ನಿಮ್ಮ ಮೌಂಟನ್ನು ಕಾಡುತ್ತಿರುವುದು ತೂಕಕ್ಕಿಂತ ಹೆಚ್ಚಾಗಿ ಉದ್ದ. 10 ಕೆ.ಜಿ. ತೂಗುವ 1.3 ಮೀಟರ್ ಕೊಳವೆಯ ತಿರುಗುವ ಜಡತ್ವ ಸುಮಾರು 1.4 ಕೆ.ಜಿ. ಚದರ ಮೀಟರ್. ಅಷ್ಟೇ ತೂಕದ, ಅರ್ಧ ಮೀಟರ್ ಉದ್ದದ ಕನ್ನಡಿ ದೂರದರ್ಶಕವಾದ ಶ್ಮಿಟ್-ಕ್ಯಾಸಗ್ರೇನ್‌ಗೆ ಅದು 0.25ರ ಆಸುಪಾಸು. ಸುಮಾರು 6 ಪಟ್ಟು ವ್ಯತ್ಯಾಸ. ಅದೇ ಮೌಂಟ್ ಮೇಲೆ ಉದ್ದದ ಟ್ಯೂಬ್ ಎರಡೂವರೆ ಪಟ್ಟು ನಿಧಾನವಾಗಿ ತೂಗಾಡುತ್ತದೆ, ನಿಲ್ಲಲೂ ಅಷ್ಟೇ ತಡ. ಮುಂದಿನ ತುದಿಯಲ್ಲಿ ಲೆನ್ಸ್, ಹಿಂದಿನ ತುದಿಯಲ್ಲಿ ಡಯಾಗನಲ್ ಮತ್ತು ಐಪೀಸ್ ಇರುವುದರಿಂದ ನಿಜವಾದ ಲೆಕ್ಕ ಇನ್ನೂ ಕೆಟ್ಟದಾಗಿರುತ್ತದೆ. ಹಾಗಾಗಿ "13 ಕೆ.ಜಿ. ತಡೆಯುತ್ತದೆ" ಎಂದು ಬರೆದ ಮೌಂಟ್ ಮೇಲೆ 13 ಕೆ.ಜಿ. ರಿಫ್ರ್ಯಾಕ್ಟರ್ ಇಡಬಾರದು. ನೋಡುವುದಕ್ಕೆ ಮಾತ್ರವಾದರೆ ಹೇಳಿದ ಮಿತಿಯ ಮೂರನೇ ಎರಡು ಭಾಗ, ಫೋಟೊ ಆದರೆ ಅರ್ಧ.

ಆದರೆ ದುಡ್ಡು ಹಾಕುವ ಮೊದಲು ದೋಷ ಎಲ್ಲಿದೆ ಎಂದು ಹುಡುಕಿ. 200 ಪಟ್ಟಿನಲ್ಲಿ ಒಂದು ನಕ್ಷತ್ರ ಹಿಡಿದು, ಟ್ಯೂಬಿನ ಮುಂತುದಿಗೆ ಬೆರಳಿನಿಂದ ಮೆಲ್ಲಗೆ ತಟ್ಟಿ, ಬಿಂಬ ನಿಲ್ಲುವವರೆಗೆ ಸೆಕೆಂಡ್ ಎಣಿಸಿ. ಮೊದಲು ಈಗಿರುವ ಹಾಗೆಯೇ. ಆಮೇಲೆ ಕಾಲುಗಳನ್ನು ಪೂರ್ತಿ ಒಳಗೆ ತಳ್ಳಿ, ನಡುವಿನ ತಟ್ಟೆ ಬಿಗಿದು. ಮೂರನೆಯ ಸಲ ಇನ್ನೊಬ್ಬರು ಸ್ಯಾಡಲ್ಲನ್ನು (ಪ್ಲೇಟನ್ನು ಕಚ್ಚಿ ಹಿಡಿಯುವ ಭಾಗ) ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದಿರಲಿ. ಹಿಡಿದಾಗಲೂ ಬಿಂಬ ಅಲುಗಿದರೆ ದೋಷ ಪ್ಲೇಟ್ ಮತ್ತು ರಿಂಗ್‌ಗಳಲ್ಲಿ. ಕೊನೆಗೆ ಟ್ಯೂಬ್ ಇಳಿಸಿ, ಸಮತೂಕದ ಭಾರ ಸಿಕ್ಕಿಸುವ ಕೌಂಟರ್‌ವೇಟ್ ಕಂಬಿ ಹಿಡಿದು ಹೆಡ್ಡನ್ನು (ಟ್ರೈಪಾಡ್ ಮೇಲಿನ ತಿರುಗುವ ಭಾಗ) ಎಡಬಲ ತಿರುಚಿ ನೋಡಿ. ಟ್ರೈಪಾಡ್ ತಲೆಯ ಮೇಲೆ ಕೂದಲೆಳೆಯಷ್ಟು ಜಾರಿದರೂ ನಡುವಿನ ಬೋಲ್ಟ್ ಸಡಿಲ ಎಂದರ್ಥ. 1 ಸೆಕೆಂಡಿನೊಳಗೆ ನಿಂತರೆ ಬಹಳ ಚೆನ್ನು, 2ರವರೆಗೆ ಪರವಾಗಿಲ್ಲ, 3 ದಾಟಿದರೆ ಗ್ರಹ ನೋಡುವ ಸುಖವೇ ಇರುವುದಿಲ್ಲ.

ಉದ್ದಕೊಳವೆ:
ಅಳತೆಗಳು: ಕಾಲು ಚಾಚಿದಾಗ 5.5 ಸೆಕೆಂಡ್, ಒಳಗೆ ತಳ್ಳಿದಾಗ 3.5. ಸ್ಯಾಡಲ್ ಹಿಡಿದಾಗಲೂ 1.5 ಸೆಕೆಂಡ್ ನಡುಗುತ್ತದೆ. ಬೋಲ್ಟ್ ಬಿಗಿಯಾಗಿಯೇ ಇದೆ. ಪ್ಲೇಟ್ 44 ಮಿ.ಮೀ. ಅಗಲದ ವಿಕ್ಸೆನ್ ಮಾದರಿ, ರಿಂಗ್‌ಗಳ ನಡುವೆ 18 ಸೆಂ.ಮೀ. ಕಾಲು ತಳ್ಳಿದರೆ ಇನ್ನೊಂದು ತೊಂದರೆ: ನೆತ್ತಿಯ ಮೇಲಿನದನ್ನು ನೋಡಲು ನೆಲದಲ್ಲಿ ಕೂರಬೇಕು.

ತೇಗದಕಾಲು:
ಹಾಗಾದರೆ ದೋಷ ಮೂರು ಕಡೆ ಹಂಚಿಕೊಂಡಿದೆ. ಪ್ಲೇಟ್ ಮೊದಲು, ಅದು ಎಲ್ಲಕ್ಕಿಂತ ಅಗ್ಗ. 75 ಮಿ.ಮೀ. ಅಗಲದ ಲಾಸ್ಮ್ಯಾಂಡಿ ಮಾದರಿಯ ಪ್ಲೇಟ್, ಉದ್ದ 35 ಸೆಂ.ಮೀ.ಗೆ ಕಡಿಮೆ ಬೇಡ. ರಿಂಗ್‌ಗಳನ್ನು 30 ಸೆಂ.ಮೀ. ದೂರಕ್ಕೆ ಸರಿಸಿ. ಪ್ರತಿ ರಿಂಗ್‌ಗೂ ಒಂದೇ ಸ್ಕ್ರೂ ಇದ್ದರೆ ಅದರ ಮೇಲೆ ರಿಂಗ್ ತಿರುಗಿಕೊಳ್ಳುತ್ತದೆ, ಎರಡೆರಡು ಹಾಕಿಸಿ. ಒಳಗಿನ ಫೆಲ್ಟ್ ಚಪ್ಪಟೆಯಾಗಿದ್ದರೆ ಅದನ್ನೂ ಬದಲಿಸಿ. ಈ ಅಗಲದ ಪ್ಲೇಟ್ ನಿಮ್ಮ ಈಗಿನ ಸ್ಯಾಡಲ್ಲಿಗೆ ಕೂರದೇ ಇರಬಹುದು. ಇಕ್ಯೂ6-ಆರ್ ಸ್ಯಾಡಲ್ ಎರಡೂ ಅಗಲಗಳನ್ನು ಹಿಡಿಯುತ್ತದೆ.

ಟ್ರೈಪಾಡ್ ಮಾತ್ರ ಬದಲಿಸಿದರೆ ಅರ್ಧ ಗುಣ. ಗೋಡೆ ದಪ್ಪ ಒಂದೇ ಆದರೆ 2 ಇಂಚಿನ ಕಾಲು 1.75 ಇಂಚಿನದಕ್ಕಿಂತ ಸುಮಾರು ಒಂದೂವರೆ ಪಟ್ಟು ಬಿಗಿ. ಆದರೂ ಇಕ್ಯೂ5 ಹೆಡ್ ಈ ಉದ್ದಕ್ಕೆ ಹೇಳಿಮಾಡಿಸಿದ್ದಲ್ಲ. ಎಚ್‌ಇಕ್ಯೂ5ಗೆ ಹೋದರೆ 13 ಕೆ.ಜಿ.ಯಲ್ಲೇ ಅದರ ಮಿತಿಯ ಅಂಚಿಗೆ ಬಂದಿರುತ್ತೀರಿ. ಇಕ್ಯೂ6-ಆರ್ ಮಿತಿ 20 ಕೆ.ಜಿ., ನಿಮ್ಮದು ಅದರ 65 ಶೇಕಡ. ನನ್ನ ಮತ ಅದಕ್ಕೇ. ಹೆಡ್ ಒಂದೇ 17 ಕೆ.ಜಿ.ಗಿಂತ ಹೆಚ್ಚು, ಪ್ರತಿ ಸಲ ಮೆಟ್ಟಿಲು ಹತ್ತಿಸಬೇಕಾದರೆ ಅದನ್ನೂ ಯೋಚಿಸಿ.

ಎತ್ತರಕ್ಕೆ ಕಾಲು ಚಾಚಬೇಡಿ. ಲೆನ್ಸ್ ಭಾರವಾದ್ದರಿಂದ ಸಮತೋಲದ ಬಿಂದು ಮುಂದಕ್ಕಿರುತ್ತದೆ, ಐಪೀಸ್ ಅದರಿಂದ 75–80 ಸೆಂ.ಮೀ. ಹಿಂದೆ. ನೆತ್ತಿಗೆ ತಿರುಗಿಸಿದಾಗ ಅಷ್ಟೂ ಕೆಳಗಿಳಿಯುತ್ತದೆ. ಕಾಲು ಪೂರ್ತಿ ಒಳಗಿಟ್ಟು, ಹೆಡ್ ಕೆಳಗೆ 20 ಸೆಂ.ಮೀ. ಎಕ್ಸ್‌ಟೆನ್ಷನ್ ಕಂಬ ಕೊಡಿ. ದಪ್ಪ ಕೊಳವೆಯಾದ್ದರಿಂದ ಚಾಚಿದ ಕಾಲುಗಳಿಗಿಂತ ಅದು ಎಷ್ಟೋ ಬಿಗಿ. ಎತ್ತರ ಬದಲಿಸಬಹುದಾದ ಕುರ್ಚಿಯೂ ಬೇಕೇ ಬೇಕು.

ಧ್ರುವ13:
ಒಂದು ಮಾತು ಬಿಟ್ಟುಹೋಗಿದೆ. ಬೆಂಗಳೂರಿನ ಅಕ್ಷಾಂಶ 13 ಡಿಗ್ರಿ. ಯುರೋಪಿನವರ ಸಲಹೆ ಇಲ್ಲಿ ಅರ್ಧ ಮಾತ್ರ ನಡೆಯುತ್ತದೆ. ಇಕ್ಯೂ6-ಆರ್ 10ರಿಂದ 65 ಡಿಗ್ರಿವರೆಗೆ ಹೊಂದುತ್ತದೆ, ಅಂದರೆ ನಾವು ಅದರ ಕೆಳತುದಿಯಲ್ಲಿದ್ದೇವೆ. ಧ್ರುವಾಕ್ಷ (ಅಕ್ಷಾಂಶದಷ್ಟೇ ಎತ್ತಿ ಧ್ರುವದತ್ತ ತಿರುಗಿಸುವ ಮೌಂಟಿನ ಅಚ್ಚು) ಹೆಚ್ಚುಕಡಿಮೆ ಅಡ್ಡಲಾಗಿ ಮಲಗಿರುತ್ತದೆ, ಹೆಡ್ ಭಾರ ಉತ್ತರಕ್ಕೆ ಚಾಚಿಕೊಳ್ಳುತ್ತದೆ. ಕೌಂಟರ್‌ವೇಟ್ ಕಂಬಿ ಬಹುತೇಕ ನೇರ ಕೆಳಕ್ಕೆ ಇಳಿದು ಉತ್ತರದ ಕಾಲಿಗೆ ಬಡಿಯುತ್ತದೆ. ಗೋಟು ಮೋಟರ್ (ಗುರಿಯತ್ತ ತಾನೇ ತಿರುಗಿಸುವುದು) ಓಡುತ್ತಿರುವಾಗ ಬಡಿದರೆ ಜೋಡಣೆ ಅಲ್ಲೇ ಕೆಟ್ಟಿತು.

ಕೆಲವರು ಟ್ರೈಪಾಡ್ ತಿರುಗಿಸಿ ಕಂಬಿಯನ್ನು ಎರಡು ಕಾಲುಗಳ ನಡುವೆ ಇಳಿಸುತ್ತಾರೆ. ಬೇಡ. ಕಾಲು ನಡುವಿನಿಂದ 50 ಸೆಂ.ಮೀ. ದೂರದಲ್ಲಿದ್ದರೆ, ಒಂದು ಕಾಲು ಉತ್ತರಕ್ಕಿರುವಾಗ ಆ ಕಡೆ ಬೀಳದಂತೆ 50 ಸೆಂ.ಮೀ. ಆಸರೆ ಇರುತ್ತದೆ, ತಿರುಗಿಸಿದರೆ 25 ಸೆಂ.ಮೀ. ಮಾತ್ರ. ಭಾರ ಚಾಚಿರುವುದೂ ಅದೇ ದಿಕ್ಕಿಗೆ. ಮೇಲೆ ಹೇಳಿದ 20 ಸೆಂ.ಮೀ. ಕಂಬವೇ ಇದಕ್ಕೂ ಮದ್ದು.

ಜೊತೆಗೆ 5 ಕೆ.ಜಿ.ಯ ಎರಡು ತೂಕಗಳ ಬದಲು ಮೂರು ಹಾಕಿ. 10 ಕೆ.ಜಿ. 39 ಸೆಂ.ಮೀ. ದೂರದಲ್ಲಿ ಮಾಡುವ ಕೆಲಸವನ್ನು 15 ಕೆ.ಜಿ. 26 ಸೆಂ.ಮೀ.ಯಲ್ಲೇ ಮಾಡುತ್ತದೆ. ಜಡತ್ವ ಮೂರನೇ ಒಂದು ಭಾಗ ಇಳಿಯುತ್ತದೆ, ತೂಕ ಕಾಲಿನಿಂದಲೂ ದೂರ ಉಳಿಯುತ್ತದೆ.

ಉದ್ದಕೊಳವೆ:
ತಾರಸಿಯಲ್ಲಿ ಯಾರಾದರೂ ನಡೆದರೂ ಬಿಂಬ ಕುಣಿಯುತ್ತದೆ. ಅದಕ್ಕೇನು ಮಾಡುವುದು? ಧ್ರುವ ನಕ್ಷತ್ರವೂ ಪಕ್ಕದ ಕಟ್ಟಡದ ಹಿಂದೆ.

ಕಲ್ಲುಕಂಬ:
ತಾರಸಿಯ ನಟ್ಟನಡುವೆ ಸ್ಲ್ಯಾಬ್ ಹೆಚ್ಚು ಬಾಗುತ್ತದೆ. ಕೆಳಗಿನ ಮಹಡಿಯಲ್ಲಿ ಕಂಬ ಎಲ್ಲಿದೆ ನೋಡಿ, ಟ್ರೈಪಾಡ್ ಅದರ ನೇರಕ್ಕೆ ಬರಲಿ. ಆಗದಿದ್ದರೆ ಬೀಮ್ ಮೇಲಾದರೂ ಇರಲಿ. ಕಾಲುಗಳ ಕೆಳಗೆ ಕಂಪನ ಹೀರುವ ಪ್ಯಾಡ್ ಕಾಂಕ್ರೀಟ್ ಮೇಲೆ ಒಳ್ಳೆಯ ಗುಣ ಕೊಡುತ್ತದೆ. ಗಾಳಿಗೆ ಪ್ಯಾರಪೆಟ್ ಗೋಡೆಯ ಮರೆ, ಅಥವಾ ಗಾಳಿ ಬರುವ ಕಡೆ ಬಿಗಿದು ಕಟ್ಟಿದ ಟಾರ್ಪಾಲ್.

ಮುಂದೆ ಯಾವಾಗಲಾದರೂ ನೆಲದಲ್ಲಿ ಜಾಗ ಸಿಕ್ಕರೆ ಕಾಂಕ್ರೀಟ್ ಪಿಯರ್ (ಟ್ರೈಪಾಡ್ ಬದಲಿನ ಕಂಬ) ಹಾಕಿ: 30 ಸೆಂ.ಮೀ. ದಪ್ಪ, 90 ಸೆಂ.ಮೀ. ಆಳ, ಸುತ್ತಲ ನೆಲಹಾಸು ಅದಕ್ಕೆ ತಾಗದಂತೆ 2–3 ಸೆಂ.ಮೀ. ಸಂದು. ಮದ್ರಾಸ್ ವೀಕ್ಷಣಾಲಯದವರು 1792ರಲ್ಲೇ 15 ಅಡಿಯ ಗ್ರಾನೈಟ್ ಕಂಬ ನಿಲ್ಲಿಸಿ ಉಪಕರಣ ಕೂರಿಸಿದ್ದು ಅಲುಗಾಟ ಬೇಡವೆಂದೇ.

ಧ್ರುವ13:
ನೋಡುವುದಕ್ಕೆ ಮಾತ್ರವಾದರೆ ಧ್ರುವ ಕಾಣದಿದ್ದರೂ ಚಿಂತೆಯಿಲ್ಲ. ದಿಕ್ಸೂಚಿಯಿಂದ ಉತ್ತರ ಹಿಡಿದು (ಮೌಂಟಿನ ಕಬ್ಬಿಣದಿಂದ ಒಂದೆರಡು ಮೀಟರ್ ದೂರ ನಿಂತು), ಫೋನಿನ ಕೋನಮಾಪಕದಲ್ಲಿ 13 ಡಿಗ್ರಿ ಇಟ್ಟರೆ ಸಾಕು. 1 ಡಿಗ್ರಿ ತಪ್ಪಿದರೂ ಗ್ರಹ ಬಹಳ ಹೊತ್ತು ಐಪೀಸಿನಲ್ಲೇ ಇರುತ್ತದೆ.

ಈ ಕೋನವನ್ನು ಟ್ಯೂಬ್ ಮತ್ತು ತೂಕ ಏರಿಸುವ ಮೊದಲೇ ಹೊಂದಿಸಿ. ಇದಕ್ಕೆ ಎರಡು ಬೋಲ್ಟ್ ಇರುವ ಮೌಂಟ್‌ಗಳಲ್ಲಿ ಒಂದನ್ನು ಸಡಿಲಿಸದೆ ಇನ್ನೊಂದನ್ನು ತಿರುಗಿಸಿದರೆ, ಅದರಲ್ಲೂ ಭಾರ ಉತ್ತರಕ್ಕೆ ಜಗ್ಗುತ್ತಿರುವಾಗ, ಬೋಲ್ಟ್ ಬಾಗುತ್ತದೆ. ಭಾರ ಹಾಕಿದ ಮೇಲೆ ಸ್ವಲ್ಪ ತಿದ್ದಬೇಕಾದರೆ ಒಂದು ಕೈಯಲ್ಲಿ ಹೆಡ್ಡನ್ನು ಎತ್ತಿ ಹಿಡಿದು ಇನ್ನೊಂದರಲ್ಲಿ ತಿರುಗಿಸಿ, ಕೊನೆಗೆ ಎರಡೂ ಬೋಲ್ಟ್ ತಾಗುವಷ್ಟು ಬಿಗಿ ಮಾಡಿ.