ಆಲೆಮನೆ ಲೆಕ್ಕಕ್ಕೆ ವೆಬ್ ಆ್ಯಪ್: ಯಾವ ಟೂಲ್ ಹಿಡಿಯಲಿ?

ಪ್ರಶ್ನೆ (ಮದ್ದೂರು ಕಡೆಯ ಸದಸ್ಯ): ನಮಸ್ಕಾರ ಮೇಡಂ. ಮಾವನ ಆಲೆಮನೆಗೆ ಲೆಕ್ಕದ ವೆಬ್ ಆ್ಯಪ್ ಮಾಡಿಕೊಡಬೇಕು. ಯಾರ ಕಬ್ಬು ಎಷ್ಟು ಟನ್ ಬಂತು, ಮುಂಗಡ ಎಷ್ಟು, ಬಾಕಿ ಎಷ್ಟು, ಎಲ್ಲ ಈಗ ಎಕ್ಸೆಲ್‌ನಲ್ಲಿದೆ. ನನಗೆ ಪೈಥಾನ್ ಪ್ರೋಗ್ರಾಮಿಂಗ್ ಗೊತ್ತು. ಯೂಟ್ಯೂಬಲ್ಲಿ ಎಲ್ಲರೂ ಪರದೆಗೆ ರಿಯಾಕ್ಟ್, ಸರ್ವರ್‌ಗೆ ನೋಡ್, ಡೇಟಾ ಇಡೋಕೆ ಮಾಂಗೋಡಿಬಿ ಅಂತಾರೆ. ಮಾಡೋನು ನಾನೊಬ್ಬನೇ.

ಉತ್ತರ (ಮೈಸೂರು, ಸಾಫ್ಟ್‌ವೇರ್ ಎಂಜಿನಿಯರ್): ಟೂಲ್ ಆಮೇಲೆ ನೋಡೋಣ, ಮೊದಲು ನಿಮ್ಮ ಡೇಟಾ ನೋಡಿ. ಒಬ್ಬ ರೈತನಿಗೆ ಹತ್ತಾರು ಲೋಡು, ಪ್ರತಿ ಲೋಡಿಗೂ ತೂಕದ ಚೀಟಿ, ಜೊತೆಗೆ ಮುಂಗಡ, ಪಾವತಿ. ಒಂದಕ್ಕೊಂದು ಗಂಟು ಹಾಕಿಕೊಂಡ ಲೆಕ್ಕ ಇದು. ಇದಕ್ಕೆ ಪೋಸ್ಟ್‌ಗ್ರೆಸ್‌ನಂಥ ಟೇಬಲ್‌ಗಳ ಡೇಟಾಬೇಸೇ ಸರಿ. ಪಾವತಿ ಬರೆದು ಬಾಕಿ ಕಳೆಯುವಾಗ ನಡುವೆ ಕರೆಂಟ್ ಹೋದರೂ ಅರ್ಧ ಲೆಕ್ಕ ಉಳಿಯಬಾರದು. ಎರಡನ್ನೂ ಒಂದೇ ಟ್ರಾನ್ಸಾಕ್ಷನ್‌ನಲ್ಲಿ ಇಟ್ಟರೆ ಎರಡೂ ಆಗುತ್ತವೆ, ಇಲ್ಲವೇ ಎರಡೂ ಆಗುವುದಿಲ್ಲ.

ಪೈಥಾನ್ ಬರುತ್ತೆ ಅಂದಿರಿ, ಹಾಗಾದರೆ ಪೈಥಾನ್‌ನಲ್ಲೇ ವೆಬ್ ಆ್ಯಪ್ ಕಟ್ಟುವ ಚೌಕಟ್ಟು ಜ್ಯಾಂಗೋ ಹಿಡಿಯಿರಿ. 2005ರಿಂದ ಬಳಕೆಯಲ್ಲಿದೆ. ಟೇಬಲ್‌ಗಳನ್ನು ಬರೆದುಕೊಟ್ಟರೆ ಸೇರಿಸುವ, ತಿದ್ದುವ, ಹುಡುಕುವ ಅಡ್ಮಿನ್ ಪುಟಗಳು ಹೆಚ್ಚುಕಡಿಮೆ ತಾವಾಗಿಯೇ ಸಿಗುತ್ತವೆ. ಮಾವನವರಿಗೆ ಮೊದಲ ಸೀಸನ್‌ಗೆ ಅಷ್ಟೇ ಸಾಕಾಗಬಹುದು. ರಿಯಾಕ್ಟ್ ಒಳ್ಳೆಯದೇ, ಆದರೆ ಒಬ್ಬರೇ ಪರದೆ, ಸರ್ವರ್ ಎರಡೂ ಕಡೆ ಕೋಡ್ ಸಾಕಬೇಕಾಗುತ್ತೆ. ಈಗ ಬೇಡ.

ಟೂಲ್‌ಗಿಂತ ನನಗೆ ಹೆಚ್ಚು ಚಿಂತೆ ಟೇಬಲ್‌ಗಳದ್ದು. ಹೆಸರನ್ನೇ ಗುರುತಾಗಿ ಇಡಬೇಡಿ, ಒಂದೇ ಊರಲ್ಲಿ ಮೂವರು ನಂಜೇಗೌಡರು ಇರ್ತಾರೆ. ಮೊಬೈಲ್ ನಂಬರೂ ಆಗದು, ಅಪ್ಪ ಮಗ ಇಬ್ಬರಿಗೂ ಒಂದೇ ಇರುತ್ತೆ. ಪ್ರತಿ ರೈತನಿಗೂ ನಿಮ್ಮದೇ ಒಂದು ಸಂಖ್ಯೆ ಕೊಡಿ. ಕಬ್ಬಿನ ದರವನ್ನು ಆಯಾ ಲೋಡಿನ ಜೊತೆಗೇ ಬರೆದಿಡಿ. ಒಂದೇ ಕಡೆ ಇಟ್ಟು ನಾಳೆ ಬದಲಿಸಿದರೆ ಹೋದ ತಿಂಗಳ ಲೆಕ್ಕವೂ ಬದಲಾಗಿ ರೈತರ ಮುಂದೆ ಮಾವ ತಲೆ ತಗ್ಗಿಸಬೇಕಾಗುತ್ತೆ. ದುಡ್ಡಿಗೆ ದಶಮಾಂಶವನ್ನು ಅಂದಾಜಾಗಿ ಇಡುವ ಫ್ಲೋಟ್ ಬೇಡವೇ ಬೇಡ, ನಿಖರವಾಗಿ ಇಡುವ ಡೆಸಿಮಲ್ ಬಳಸಿ. ಪೈಥಾನ್‌ನಲ್ಲಿ 0.1 ಮತ್ತು 0.2 ಕೂಡಿಸಿ ನೋಡಿ, 0.30000000000000004 ಅನ್ನುತ್ತೆ.

ಮರುಪ್ರಶ್ನೆ: ತುಂಬಾ ಥ್ಯಾಂಕ್ಸ್ ಮೇಡಂ. ಜ್ಯಾಂಗೋ ತಾನಾಗಿಯೇ ಬಳಸುವ ಎಸ್‌ಕ್ಯೂಲೈಟ್ ಡೇಟಾಬೇಸ್ ಸಾಲದಾ? ಮತ್ತೆ ಎಕ್ಸೆಲ್‌ನಲ್ಲಿರೋ ಹೆಸರುಗಳನ್ನ ಹಳೇ ನುಡಿ ಫಾಂಟಲ್ಲಿ ಹೊಡೆದಿದ್ದಾರೆ.

ಉತ್ತರ: ಕಲಿಯೋಕೆ ಎಸ್‌ಕ್ಯೂಲೈಟ್ ಸಾಕು. ಅದರಲ್ಲಿ ಒಂದು ಹೊತ್ತಿಗೆ ಒಬ್ಬರಷ್ಟೇ ಬರೆಯಬಹುದು. ತೂಕದ ಹತ್ತಿರ ಒಬ್ಬರು, ಕಚೇರಿಯಲ್ಲಿ ಒಬ್ಬರು ಒಟ್ಟಿಗೆ ಬರೆಯುವುದಾದರೆ ಶುರುವಿನಿಂದಲೇ ಪೋಸ್ಟ್‌ಗ್ರೆಸ್ ಇರಲಿ. ನುಡಿ ಹೆಸರುಗಳನ್ನು ಮೊದಲು ಯೂನಿಕೋಡ್‌ಗೆ, ಅಂದರೆ ಎಲ್ಲ ಕಡೆ ಕನ್ನಡವಾಗಿಯೇ ಕಾಣುವ ಅಕ್ಷರ ಸಂಕೇತಕ್ಕೆ, ಪರಿವರ್ತಿಸಿ. ಇಲ್ಲದಿದ್ದರೆ ಬ್ರೌಸರ್‌ನಲ್ಲಿ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಕಾಣುತ್ತೆ, ಕನ್ನಡದಲ್ಲಿ ಹುಡುಕಿದರೆ ಏನೂ ಸಿಗಲ್ಲ. ಪರಿವರ್ತಿಸಿದ ಮೇಲೆ ಒತ್ತಕ್ಷರ, ಅರ್ಕಾವತ್ತು ಇರುವ ಹೆಸರುಗಳನ್ನು ಕಣ್ಣಾರೆ ನೋಡಿ, ತಪ್ಪಾಗುವುದು ಅಲ್ಲೇ.

ಇನ್ನೊಬ್ಬ ಸದಸ್ಯರು (ಮಂಡ್ಯ): ಬ್ಯಾಕಪ್?

ಉತ್ತರ: ದಿನಾ ರಾತ್ರಿ ಪೋಸ್ಟ್‌ಗ್ರೆಸ್‌ನ ಪಿಜಿ ಡಂಪ್ ಟೂಲಿನಿಂದ ಡೇಟಾಬೇಸ್‌ನ ನಕಲು ತೆಗೆದು ಬೇರೆ ಕಂಪ್ಯೂಟರ್‌ನಲ್ಲಿ ಇಡಿ. ತಿಂಗಳಿಗೊಮ್ಮೆ ಆ ಫೈಲನ್ನು ಖಾಲಿ ಡೇಟಾಬೇಸ್‌ಗೆ ತುಂಬಿ, ಒಬ್ಬ ರೈತನ ಬಾಕಿಯನ್ನು ಪುಸ್ತಕದ ಜೊತೆ ತಾಳೆ ನೋಡಿ. ಮದ್ದೂರಿನವರೇ, ಟೇಬಲ್‌ಗಳನ್ನು ಹಾಳೆ ಮೇಲೆ ಬರೆದು ಫೋಟೊ ಹಾಕಿ. ಕೋಡ್ ಶುರು ಮಾಡೋಕೆ ಮುಂಚೆ ಒಂದು ಸಲ ನೋಡ್ತೀನಿ.