ಕತ್ತಿ ಹಿರಿಯುವಾಗ ಕೊನೆಯಲ್ಲಿ ಸಿಕ್ಕಿಕೊಳ್ಳುತ್ತದೆ, ಒರೆಯಿಂದ ಮರದ ಪುಡಿ ಬೀಳುತ್ತಿದೆ

ತೀರ್ಥಹಳ್ಳಿ_ಹುಡುಗ:
ಮೂರು ವಾರದಿಂದ ಇದೇ ಗೋಳು. ಪುಸ್ತಕ ನೋಡಿಕೊಂಡು ಇಯಾಯಿದೋ (ಒರೆಯಿಂದ ಕತ್ತಿ ಹಿರಿದು ಬೀಸುವ ಜಪಾನಿ ವಿದ್ಯೆ) ಕಲಿಯುತ್ತಿದ್ದೇನೆ. ಮೊದಲ ಕತಾ, ಅಂದರೆ ಕಟ್ಟುಪಟ್ಟು, ‘ಮಾಎ’ ದಾಟಲು ಆಗುತ್ತಿಲ್ಲ. ವಜ್ರಾಸನದ ಹಾಗೆ ಕೂತು, ಏಳುತ್ತಾ ಕತ್ತಿ ಹಿರಿದರೆ ಮುಕ್ಕಾಲು ಪಾಲು ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಬರುತ್ತದೆ. ಕೊನೆಯ ಒಂದು ಗೇಣು ಗಕ್ಕನೆ ನಿಲ್ಲುತ್ತದೆ. ಜೋರಾಗಿ ಎಳೆದರೆ ಒರೆಯ ಬಾಯಿಂದ ಮರದ ಪುಡಿ. ಪುಸ್ತಕದಲ್ಲಿ ಇರುವಂತೆಯೇ ಮಾಡುತ್ತಿದ್ದೇನೆ! ‘ಗುರು ಹುಡುಕಿ’ ಅಂತ ಮಾತ್ರ ಹೇಳಬೇಡಿ, ನಮ್ಮೂರ ಸುತ್ತ ಯಾರೂ ಇಲ್ಲ.

ಅಳತೆಗಾರ:
ಉದ್ದದ ಸಮಸ್ಯೆ, ನೂರಕ್ಕೆ ನೂರು. ಎತ್ತರ ಎಷ್ಟು? 170–175 ಸೆಂ.ಮೀ. ಇರುವವರಿಗೆ ಸಾಮಾನ್ಯವಾಗಿ 2 ಶಾಕು 4 ಸುನ್ 5 ಬು ಕಟಾನಾ. ಅಂದರೆ ಅಲಗು ಸುಮಾರು 74 ಸೆಂ.ಮೀ.

ತೀರ್ಥಹಳ್ಳಿ_ಹುಡುಗ:
ನಾನು 5 ಅಡಿ 5 ಇಂಚು. ಅಲಗು 29 ಇಂಚು.

ಅಳತೆಗಾರ:
ಒಂದು ಇಂಚು ಜಾಸ್ತಿ ಆಯ್ತಲ್ವಾ. 28ರದ್ದು ತಗೊಳ್ಳಿ.

ಆಷಾಢ:
ಮಳೆ ಮರೆತಿರಾ? ನಮ್ಮನೆ ಬಾಗಿಲೇ ಈಗ ಮುಚ್ಚುವುದಿಲ್ಲ. ಒರೆಯ ಮರ ಊದಿರುತ್ತದೆ. ಜಪಾನಿನಲ್ಲಿ ಹೋನೋಕಿ ಮರ ಬಳಸುತ್ತಾರೆ. ಇವರದ್ದು ಯಾವ ಮರವೋ.
ಇನ್ನೊಂದು ಮಾತು, ಅದು ಕತಾನಾ. ಜಪಾನಿಯರ ಉಚ್ಚಾರ ನಮ್ಮ ‘ತ’ಕ್ಕೇ ಹತ್ತಿರ. ಎರಡೂ ಅಕ್ಷರ ನಮ್ಮಲ್ಲಿರುವಾಗ ಇಂಗ್ಲಿಷಿನ ‘ಟ’ ಯಾಕೆ?

ಅಳತೆಗಾರ:
ಎಲ್ಲರೂ ಬರೆಯುವ ಹಾಗೆ ಬರೆದೆ. ಅಕ್ಷರ ತಿದ್ದಿದರೆ ಕತ್ತಿ ಹೊರಗೆ ಬರುತ್ತದಾ? ಉದ್ದ ಮೊದಲು ಸರಿಮಾಡಿ. ನನ್ನದು 2 ಶಾಕು 4 ಸುನ್, ಹಲಸಿನ ಮರದಲ್ಲಿ ಸ್ಟ್ಯಾಂಡ್ ಮಾಡಿಸಿಟ್ಟಿದ್ದೇನೆ. ಐದು ವರ್ಷದಲ್ಲಿ ಒಮ್ಮೆಯೂ ಸಿಕ್ಕಿಕೊಂಡಿಲ್ಲ.

ನಗೋಯಾ_ಕನ್ನಡಿಗ:
ಮರ ಊದಿದ್ದರೆ ಶುರುವಿನಲ್ಲೇ, ಹಬಾಕಿ (ಅಲಗಿನ ಬುಡದ ಲೋಹದ ಪಟ್ಟಿ) ಹತ್ತಿರವೇ ಬಿಗಿಯಬೇಕಿತ್ತು. ಒಂದು ಇಂಚು ಜಾಸ್ತಿಯಾದರೆ ಕಷ್ಟ, ನಿಜ. ಆದರೆ ಒರೆ ಕೆತ್ತಿಹೋಗುವುದಿಲ್ಲ. ಪುಡಿ ಯಾವ ಕಡೆಯಿಂದ ಬರುತ್ತಿದೆ? ಎಡಗೈ ಏನು ಮಾಡುತ್ತಿದೆ? ಕತ್ತಿಗೆ ಧಾರೆ ಇದೆಯಾ? ಪುಸ್ತಕದಲ್ಲಿ ಎಷ್ಟು ಕತಾ ಇವೆ?

ತೀರ್ಥಹಳ್ಳಿ_ಹುಡುಗ:
ಧಾರೆಯ ಕಡೆಯಿಂದ. ಎಡಗೈ ಒರೆಯನ್ನು ಗಟ್ಟಿಯಾಗಿ ಹಿಡಿದಿರುತ್ತದೆ, ಅಲ್ಲಾಡಿಸುವುದಿಲ್ಲ. ಚಿತ್ರಗಳೆಲ್ಲ ಬಲಗಡೆಯಿಂದ ತೆಗೆದವು, ಎಡಗೈ ಕಾಣುವುದೇ ಇಲ್ಲ. ಹತ್ತು ಕತಾ ಇವೆ. ಧಾರೆ ಇದೆ, ಕಾಗದ ಸರ್ರನೆ ಸೀಳುತ್ತದೆ. ಆನ್‌ಲೈನಲ್ಲಿ ತರಿಸಿದ್ದು.

ನಗೋಯಾ_ಕನ್ನಡಿಗ:
ಈಗಲೇ ನಿಲ್ಲಿಸಿ. ದಯವಿಟ್ಟು. ಅಲಗು ಒಳಗಿನಿಂದ ಮರ ಕೊಯ್ಯುತ್ತಿದೆ, ಆ ಮರದ ಹೊರಗೆ ನಿಮ್ಮ ಬೆರಳುಗಳಿವೆ. ಒರೆ ಸೀಳಿದರೆ ಧಾರೆ ನೇರ ಬೆರಳಿಗೆ. ಇಲ್ಲಿ ದೋಜೋದಲ್ಲಿ, ಅಂದರೆ ನಮ್ಮ ಅಭ್ಯಾಸದ ಗರಡಿಯಲ್ಲಿ, ಹೊಸಬರಿಗೆ ಧಾರೆಯ ಕತ್ತಿ ಕೊಡುವುದೇ ಇಲ್ಲ. ಹಿಡಿಯಲ್ಲಿರುವ ಬಿದಿರಿನ ಬೆಣೆಯನ್ನೂ ನೋಡಿ. ಅದು ಸಡಿಲವಾದರೆ ಅಲಗು ಹಾರಿಹೋಗಬಹುದು.

ಬಲಗೈಯಿಂದ ಎಳೆಯುವುದು ಅರ್ಧ ಕೆಲಸ, ಉಳಿದ ಅರ್ಧ ಎಡಗೈಯದು. ಧಾರೆ ಮೇಲ್ಮುಖವಾಗಿರುತ್ತದೆ. ನೀವು ಬಲಗೈ ಮೇಲೆತ್ತಿದಾಗ ಅದು ಒರೆಯ ಮೇಲ್ಭಾಗಕ್ಕೆ ಕಚ್ಚುತ್ತದೆ. ಮೊನೆ ಮೂರ್ನಾಲ್ಕು ಬೆರಳಷ್ಟು ಒಳಗಿರುವಾಗ ಒರೆಯನ್ನು ಎಡಕ್ಕೆ ಮಗ್ಗುಲಾಗಿಸಿ. ಕಿರುಬೆರಳು ಸೊಂಟಪಟ್ಟಿಗೆ ತಾಗಿಕೊಂಡೇ ಇರಲಿ, ಎಡಗೈಯನ್ನು ಬೆನ್ನ ಕಡೆಗೆ ಒಯ್ಯಿರಿ. ಇದೇ ಸಾಯಾಬಿಕಿ. ಒರೆ ತಾನೇ ಮೊನೆಯಿಂದ ಕಳಚಿಕೊಳ್ಳುತ್ತದೆ.

ಹತ್ತೇ ಕತಾ ಇದ್ದರೆ ಪುಸ್ತಕ ಹಳೆಯದು. ಅಖಿಲ ಜಪಾನ್ ಕೆಂದೋ ಒಕ್ಕೂಟದವರು 1969ರಲ್ಲಿ ಏಳು ಕಟ್ಟಿದರು, 1980ರಲ್ಲಿ ಮೂರು, 2000ದಲ್ಲಿ ಇನ್ನೆರಡು ಸೇರಿಸಿದರು.

ಆಷಾಢ:
ಪುಸ್ತಕವನ್ನು ಪೂರ್ತಿ ತಳ್ಳಿಹಾಕಬೇಡಿ. ಹೆಬ್ಬೆರಳು, ತೋರುಬೆರಳು ಹಗುರ, ಉಂಗುರಬೆರಳು, ಕಿರುಬೆರಳು ಬಿಗಿ ಅಂತ ಜಪಾನಿನ ಕತ್ತಿವೀರ ಮುಸಾಶಿ 1645ರಲ್ಲೇ ತನ್ನ ಪುಸ್ತಕದಲ್ಲಿ ಬರೆದಿಟ್ಟಿದ್ದಾನೆ. ಓದಿದ ದಿನದಿಂದ ನನ್ನ ಹಿಡಿತ ಬದಲಾಯಿತು.

ನಗೋಯಾ_ಕನ್ನಡಿಗ:
ಅದನ್ನು ನಾನೂ ದಿನಾ ನೆನೆಸಿಕೊಳ್ಳುತ್ತೇನೆ. ಆದರೆ ನೀವು ಅಷ್ಟೊತ್ತಿಗೆ ಕತ್ತಿ ಹಿಡಿದಿದ್ದಿರಿ.

ತೀರ್ಥಹಳ್ಳಿ_ಹುಡುಗ:
ಧಾರೆಯ ಕತ್ತಿ ಬೀರುವಿನೊಳಗೆ ಇಟ್ಟು ಬೀಗ ಹಾಕಿದೆ. ಪ್ಲಾಸ್ಟಿಕ್ ಒರೆಯ ಮರದ ಕತ್ತಿ ತರಿಸಿದೆ. ಹತ್ತು ದಿನ, ನಿಧಾನವಾಗಿ, ಎಡಗೈ ಒಂದನ್ನೇ ಗಮನಿಸಿದೆ. ಹತ್ತರಲ್ಲಿ ಎಂಟು ಸಲ ಸದ್ದಿಲ್ಲದೆ ಹೊರಗೆ ಬರುತ್ತಿದೆ. ತುಂಬಾ ಥ್ಯಾಂಕ್ಸ್ ಅಣ್ಣ. ಈಗ ತೊಂದರೆ ನೋತೋದಲ್ಲಿ. ವಾಪಸ್ ಹಾಕುವಾಗ ಮೊನೆ ಒರೆಯ ಬಾಯಿ ಸಿಗದೆ ಹೆಬ್ಬೆರಳ ಸಂದಿಗೆ ಬಂದು ಕುಟ್ಟುತ್ತದೆ. ಕೆಳಗೆ ನೋಡಬಾರದು ಅಂತಿದೆ ಪುಸ್ತಕದಲ್ಲಿ.

ನಗೋಯಾ_ಕನ್ನಡಿಗ:
ಮೊದಲ ತಿಂಗಳು ನೋಡಿಯೇ ಮಾಡಿ. ಭಾನುವಾರ ದೋಜೋದಲ್ಲಿ ಕೇಳಿಕೊಂಡು, ಎಡಗಡೆಯಿಂದ ವಿಡಿಯೋ ತೆಗೆದು ಇಲ್ಲೇ ಹಾಕುತ್ತೇನೆ.